ಹಸಿರುಮನೆಯ ತುಳಸಿ

ಪುರಸೈವಾಕ್ಕಂ, ಚೆನ್ನೈ
೨೧ ಜನವರಿ ೨೦೦೧

ಪ್ರೀತಿಯ ಪ್ರಮೋದ ಅವರಿಗೆ,

ಹೆಸರು ಹಿಡಿದು ಬರೆದಿದ್ದೇನೆ, ಅತ್ತೆಗೆ ತಿಳಿಸಬೇಡಿ. ಹೊಟ್ಟೆನೋವು ಹೇಗಿದೆ? ಆ ದೂರದ ಸಿಲ್ಚಾರಿನ ಚಳಿಯಲ್ಲಿ ಮಡಿಯೆಂದು ತಣ್ಣೀರು ಸುರಿದುಕೊಳ್ಳುವುದನ್ನು ಸ್ವಲ್ಪ ದಿನ ಬಿಡಿ, ದೇವರೇನೂ ಬೇಸರಪಟ್ಟುಕೊಳ್ಳುವುದಿಲ್ಲ. ಮೆಸ್ಸಿನಲ್ಲಿ ಮೀನಿನ ವಾಸನೆಯೆಂದು ಬರೀ ಮೊಸರನ್ನದಲ್ಲಿ ದಿನ ದೂಡುತ್ತಿದ್ದೀರೆಂದು ಓದಿ ನನಗೂ ಅನ್ನ ಸೇರಲಿಲ್ಲ. ಇಲ್ಲಿ ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು, ಹಸಿರುಮನೆ ನೋಡಿಕೊಂಡು ಇಲ್ಲೇ ಇರುತ್ತೀರೆಂದು ಹೇಳಿದಾಗಿನಿಂದ ಕೃತಿ "ಅಪ್ಪಾ ಎಪ್ಪೋ ವರುವಾಂಗ?" ಎಂದು ಪೀಡಿಸುತ್ತಾಳೆ. ಕನ್ನಡದಲ್ಲಿ ಕೇಳಿದರೆ ಮಾತ್ರ ಹೇಳುತ್ತೇನೆಂದು ತಪ್ಪಿಸಿಕೊಳ್ಳುತ್ತಿದ್ದೆ. ನಿನ್ನೆ "ಅಪ್ಪ ಯಾವಾಗ ಬರ್ತಾರೆ?" ಎಂದು ಕನ್ನಡದಲ್ಲೇ ಕೇಳಿದಳು.

ಶೋಳಿಂಗನಲ್ಲೂರಿನ ಹಸಿರುಮನೆಯಲ್ಲಿ ದೊಣ್ಣೆಮೆಣಸಿನ ಗಿಡಗಳು ಸ್ವಲ್ಪ ಮುದುಡಿವೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆ. ಸ್ವಲ್ಪ ಅಲ್ಲ. ಎಲೆಯಡಿಯಲ್ಲೆಲ್ಲ ಬಿಳಿನೊಣ, ಮುಟ್ಟಿದರೆ ಹಿಟ್ಟು ಊದಿದ ಹಾಗೆ ಏಳುತ್ತವೆ. ಹೂವೆಲ್ಲ ಉದುರಿ, ನಿಂತ ನಾಲ್ಕು ಕಾಯಿಗಳೂ ಸೊಟ್ಟಗಾಗಿವೆ. ನೀವು ಎಷ್ಟು ಜೋಪಾನ ಮಾಡಿದ್ದಿರಿ. ಒಂದರ ಹಿಂದೊಂದು ಎರಡು ಬಾಗಿಲು, ಸೊಳ್ಳೆಯೂ ತೂರದ ಬಲೆ, ಕಾಲು ಅದ್ದಲು ಔಷಧಿ ನೀರು. ನನ್ನ ಮುಡಿಯ ಮಲ್ಲಿಗೆಯನ್ನೂ ಹೊರಗೇ ತೆಗೆಸುತ್ತಿದ್ದಿರಿ. ಆದರೆ ಉತ್ಥಾನದ್ವಾದಶಿಗೆ ರಜೆಯಲ್ಲಿ ಬಂದ ನೀವು, "ಇದೂ ನಮ್ಮ ಮನೀನೇ, ತುಳಸಿ ಮದುವಿ ಇಲ್ಲೇ ಆಗ್ಲಿ" ಎಂದು ಮನೆಯ ತುಳಸಿಕುಂಡವನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ, ನೆಲ್ಲಿಕೊಂಬೆ ಸಮೇತ ಗಿಡಗಳ ನಡುವೆ ಇಟ್ಟಿರಿ. ಅಂದು ನಿಮ್ಮ ಮುಖ ನೋಡಿ ನನಗೂ ಬಹಳ ಸಂತೋಷವಾಗಿತ್ತು.

ಕೃಷಿ ಇಲಾಖೆಯಲ್ಲಿದ್ದ ಮಹದೇವ ಅವರನ್ನು ಕರೆಸಿದೆ. ನೊಣ ಒಳಗೆ ಬಂದದ್ದು ತುಳಸಿಯ ಜೊತೆಗಂತೆ. ಔಷಧಿ ಹೊಡೆಸಲು ಹೊರಟರೆ, ಮದುವೆಯಾದ ತುಳಸಿಗೆ ವಿಷವೇ ಎಂದು ಅತ್ತೆ ಕುಂಡವನ್ನು ತಬ್ಬಿಕೊಂಡು ಕೂತರು. ಹೊರಗೆ ಸಾಗಿಸಲೂ ಬಿಡಲಿಲ್ಲ, "ಅವ ಇಟ್ಟಾನ, ಅವನೇ ಬಂದು ತೆಗೀಲಿ" ಎಂದರು. ಹಾಗಾಗಿ ಪ್ರತಿ ಸಲವೂ ಅದೊಂದಕ್ಕೆ ಹಳೆಯ ಸೀರೆ ಮುಚ್ಚಿ, ಉಳಿದದ್ದಕ್ಕೆಲ್ಲ ಹೊಡೆಸಿದ್ದಾಯಿತು. ವಾರ ಕಳೆಯುವುದರೊಳಗೆ ಅಲ್ಲಿಂದಲೇ ಮತ್ತೆ ಹರಡುತ್ತಿತ್ತು. ಈಗ ಅತ್ತೆಗೂ ಅರ್ಥವಾಗಿದೆ, ಊಟಕ್ಕೆ ಕೂತರೆ ಕಣ್ಣೀರು ಹಾಕುತ್ತಾರೆ. ನೀವು ಅವರನ್ನು ಏನೂ ಅನ್ನಬೇಡಿ. ನನಗೆ ಸಿಟ್ಟು ಬಂದಿತ್ತು, ಈಗ ಅದಕ್ಕೂ ಶಕ್ತಿಯಿಲ್ಲ. "ನೊಣ ತಂದ ವೈರಸ್ ಗಿಡದೊಳಗೆ ಪೂರಾ ಇಳಿದುಬಿಟ್ಟಿದೆ ಅಮ್ಮ, ಒಂದೂ ಉಳಿಯಲ್ಲ, ಕಿತ್ತು ಸುಟ್ಟುಬಿಡಿ" ಎಂದು ಮಹದೇವ ಹೇಳಿದರು. ನಾಳೆ ಆಳುಗಳು ಬರುತ್ತಾರೆ. ಮುಂದಿನ ವರ್ಷ ನೋಡೋಣ ಎನ್ನುವ ಹಾಗೂ ಇಲ್ಲ, ಅಲ್ಲಿ ಕಂಪ್ಯೂಟರ್ ಕಂಪನಿಯ ಕಟ್ಟಡ ಬರುತ್ತದೆಂದು ಜಾಗದವರು ಗುತ್ತಿಗೆ ಮುಂದುವರಿಸುವುದಿಲ್ಲವಂತೆ.

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಕೃತಿ ಮುತ್ತು ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಹರಿಪ್ರಿಯಾ

ತಾ.ಕ.: ಟಪಾಲಿಗೆ ಹೊತ್ತಾಯಿತು. ಸ್ವಯಂನಿವೃತ್ತಿಯ ಅರ್ಜಿ ಕೊಡಬೇಡಿ. ಕೊಟ್ಟಿದ್ದರೆ ಮ್ಯಾನೇಜರ ಕೈಕಾಲು ಹಿಡಿದಾದರೂ ವಾಪಸ್ ಪಡೆಯಿರಿ. ನಮಗೆ ಇನ್ನು ನಿಮ್ಮ ಸಂಬಳವೊಂದೇ ಗತಿ. ಇದನ್ನೇ ಮೊದಲು ಬರೆಯಬೇಕೆಂದು ಕೂತಿದ್ದೆ, ಆಗಲಿಲ್ಲ. ನೀವು ಮನೆಯಲ್ಲಿರಬೇಕೆಂದು ನನಗೆಷ್ಟು ಆಸೆಯೆಂಬುದು ನಿಮಗೆ ಗೊತ್ತು. ಆದರೂ ಬರಬೇಡಿ.