ಸೂರಿನ ಮೇಲೆ ನಾಲ್ಕು ಅಂಗಿ

ಲ್ಯುಬೊವಿಯಾ,
೧೮ ಸೆಪ್ಟೆಂಬರ್ ೨೦೧೧, ಭಾನುವಾರ

ಪ್ರೀತಿಯ ಬೊಗೊಸಾವಣ್ಣಾ,

ಮೊಣಕಾಲು ಹೇಗಿದೆ? ಷ್ಟುಟ್‌ಗಾರ್ಟಿನ ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚಿಕೊಳ್ಳುತ್ತೀಯೋ, ಇಲ್ಲ ಕಿಟಕಿಯ ಮೇಲಿಟ್ಟು ನೋಡುತ್ತ ಕೂತಿದ್ದೀಯೋ? ನನ್ನ ರಕ್ತದೊತ್ತಡ ನನ್ನ ಮಾತು ಕೇಳುವುದಿಲ್ಲ, ಉಳಿದಂತೆ ಗಟ್ಟಿಯಾಗಿದ್ದೇನೆ. ಅಂಗಳದಲ್ಲಿ ಚಳಿಗಾಲಕ್ಕೆಂದು ದಪ್ಪ ಮೆಣಸಿನಕಾಯಿ ಸುಡುತ್ತಿದ್ದೇನೆ, ಕಾಗದಕ್ಕೆ ಹೊಗೆ ವಾಸನೆ ಬಂದರೆ ಬೈಯಬೇಡ. ಈಗ ಸುದ್ದಿ. ಕೂತುಕೊಂಡು ಓದು. ಅಣ್ಣಾ, ನಾವು ಗೆದ್ದೆವು.

ಯಾವೋರಾಕ್ ಕಟ್ಟಡ ಕಂಪನಿ ತನ್ನ ಚರಿತ್ರೆ ಬರೆಸುತ್ತಿದೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ನೀನು ಮಳೆ, ಬೆಳೆ, ಬೆಕ್ಕು ಎಲ್ಲದಕ್ಕೂ ಉತ್ತರ ಬರೆದು ಅದೊಂದನ್ನು ಬಿಟ್ಟೆ. ಯಾಕೆಂದು ನನಗೆ ಗೊತ್ತಿಲ್ಲವೇ? ಅರವತ್ತೊಂಬತ್ತರಲ್ಲಿ ಕಂಪನಿಗೆ ಹದಿನೈದು ತುಂಬಿತೆಂದು ಕಚೇರಿ ಬಾಗಿಲಲ್ಲಿ ಕಲ್ಲು ನೆಟ್ಟರು. ಕಟ್ಟಿದವರು ಮೂವರು ಎಂದು ಅದರಲ್ಲಿ ಕೆತ್ತಿಸಿದ್ದರು. ನಾಲ್ಕನೆಯವನು ನಾನೆಲ್ಲಿ ಎಂದು ನೀನು ಕೇಳಿದ್ದಕ್ಕೆ ಆ ಮೂವರಲ್ಲಿ ಮೊದಲ ಹೆಸರಿನ ರಾದೊಯಿತ್ಸಾ ಅಷ್ಟು ಜನರೆದುರು, "ಶಾಲೆ ಸೂರು ಎತ್ತೋವಾಗ ನೀನೆಲ್ಲಿದ್ದೆಯೋ? ನಿಮ್ಮಮ್ಮನ ಮಡಿಲಲ್ಲಾ?" ಎಂದ. ಹಿಂದಿನ ವಾರ ಅವನು ಕಟ್ಟಿಸಿದ ಸಾರುವೆ ಸರಿಯಿಲ್ಲ ಎಂದು ನೀನು ಮುಖದ ಮೇಲೆ ಹೇಳಿದ್ದೆಯಲ್ಲ, ಆ ಸೇಡು. ನಾನು ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿ ನನ್ನ ಅಳತೆ ಪುಸ್ತಕ ತಂದು ಹಿಡಿದರೆ, "ಹೊಲಿಗೆಯವಳ ಚೀಟಿ ಕಂಪನಿ ಚರಿತ್ರೆ ಆಗುತ್ತೇನಮ್ಮಾ?" ಎಂದು ನಕ್ಕ. "ನನ್ನ ಹೆಸರು ಬರೋತನಕ ಈ ಊರಿಗೆ ಕಾಲಿಡಲ್ಲ" ಎಂದು ಬಸ್ಸು ಹತ್ತಿದವನು ನೀನು. ನಲವತ್ತೆರಡು ವರ್ಷ! ಅಮ್ಮನ ಮಣ್ಣಿಗೂ ಬರಲಿಲ್ಲ. ಅದನ್ನು ನಾನಿನ್ನೂ ಕ್ಷಮಿಸಿಲ್ಲ, ತಿಳಿದಿರಲಿ.

ವಸಂತದಲ್ಲಿ ಚರಿತ್ರೆ ಬರೆಯುವ ಹುಡುಗಿ ತಿಯಾನಾ ಬೆಲ್‌ಗ್ರೇಡಿನಿಂದ ಮನೆಗೇ ಬಂದಳು. ಕಚೇರಿಯ ನೆಲಮಾಳಿಗೆಗೆ ದ್ರಿನಾ ಹೊಳೆ ನುಗ್ಗಿ ಮೊದಲ ಹತ್ತು ವರ್ಷದ ಕಾಗದವೆಲ್ಲ ಗಂಜಿಯಾಗಿದೆಯಂತೆ. ಒಂದು ಚಮಚ ಪ್ಲಮ್ ಸಿಹಿ, ಒಂದು ಲೋಟ ನೀರು ಕೊಟ್ಟೆ. ಹಳೆಯ ಫೋಟೋ ಇದೆಯೇ ಎಂದಳು. ಫೋಟೋ ಇಲ್ಲ ಮಗಳೇ, ಕುತ್ತಿಗೆಗಳಿವೆ ಎಂದೆ. ಸೂರೆತ್ತಿದ ದಿನ ಕೆಲಸದವರಿಗೆ ತಲೆಗೊಂದು ಅಂಗಿ ಹೊಲಿದು ನೆತ್ತಿಯ ತೊಲೆಗೆ ಕಟ್ಟುತ್ತೇವಲ್ಲ, ಆ ಅಂಗಿಗಳ ಅಳತೆ ಪುಸ್ತಕವನ್ನು ಅವಳ ಮುಂದಿಟ್ಟೆ. ಕಂಪನಿ ಬೆಳೆದದ್ದೆಲ್ಲ ಅದರಲ್ಲಿದೆ ಅಣ್ಣಾ. ಅಣೆಕಟ್ಟಿಗೆ ಮುನ್ನೂರ ಹತ್ತು ಅಂಗಿ; ಊರಿನ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಕೂತು ಗುಂಡಿ ಹಾಕಿದ್ದೆವು. ಲಿಬಿಯಾದ ಆಸ್ಪತ್ರೆಗೆ ಅರ್ಧ ತೋಳಿನವು, ವಿಮಾನದಲ್ಲಿ ಹೋದವು. ತೊಂಬತ್ಮೂರರಲ್ಲಿ ಅಂಗಡಿಯಲ್ಲಿ ಒಂದು ಮೊಳ ಬಟ್ಟೆ ಸಿಗದೆ ನನ್ನ ಮದುವೆಯ ಹಾಸಿಗೆ ಹೊದಿಕೆ ಕತ್ತರಿಸಿ ಹನ್ನೊಂದು ಹೊಲಿದೆ. ಆಮೇಲೆ ಕಂಪನಿ ಹೊಸಬರ ಕೈಗೆ ಹೋಗಿ, ಮತ್ತೆ ರಾದೊಯಿತ್ಸಾನ ಮೊಮ್ಮಗ ವುಕಾಶಿನ್ ಕೈಗೆ ಬಂತು. ಅವನು ಟೀ ಶರ್ಟು ಹಂಚಲು ಶುರುಮಾಡಿದ. ಟೀ ಶರ್ಟಂತೆ, ತೋಳಿರುವ ಬನಿಯನ್!

ಹುಡುಗಿ ಮೊದಲ ಪುಟಕ್ಕೆ, ಕಂಪನಿಯ ಮೊದಲ ಕೆಲಸಕ್ಕೆ ಬಂದವಳು ಗಟ್ಟಿಯಾಗಿ ಓದಿದಳು: "೧೯೫೪, ಶಾಲೆಯ ಸೂರು. ರಾದೊಯಿತ್ಸಾ ಕುತ್ತಿಗೆ ಮೂವತ್ತೊಂಬತ್ತು, ಮಿಲಿಸಾವ್ ನಲವತ್ತು, ಸ್ರೆತೆನ್ ನಲವತ್ತೆರಡು, ಬೊಗೊಸಾವ್ ನಲವತ್ತೊಂದು, ಎಡತೋಳು ಎರಡು ಬೆರಳು ಗಿಡ್ಡ." ಪ್ಲಮ್ ಮರದಿಂದ ಬಿದ್ದು ಮುರಿದುಕೊಂಡ ಕೈ ಕೊನೆಗೂ ಉಪಕಾರಕ್ಕೆ ಬಂತು ನೋಡು. ಮರುದಿನವೇ ವುಕಾಶಿನ್ ಬಂದ. ಪುಟದ ಮೇಲೆ ಬೆರಳಾಡಿಸಿ, "ನಮ್ಮ ತಾತ ತಪ್ಪು ಮಾಡಿದ್ರು ಅಜ್ಜಿ" ಎಂದ. ಜಗಳಕ್ಕೆಂದು ಸೊಂಟ ಕಟ್ಟಿ ನಿಂತಿದ್ದ ನಾನು ಒಲೆ ಹಚ್ಚಿದೆ. ಕಾಫಿ ಮಾಡಿ ಕೊಟ್ಟೆ, ಕೊಡುತ್ತಲೇ ಅತ್ತುಬಿಟ್ಟೆ.

ಕಂಪನಿ ಕಟ್ಟುತ್ತಿರುವ ಹೊಸ ಸೇತುವೆಯ ಎರಡು ತುದಿ ಮೊನ್ನೆ ಗುರುವಾರ ಕೂಡಿದವು. ಇದ್ದ ಎಂಬತ್ತಾರು ಜನರಿಗೂ ಅಂಗಿ ಹೊಲಿದೆವು, ಮೇಲೆ ಮೊದಲ ನಾಲ್ವರಿಗೆಂದು ನಾಲ್ಕು. ಕಂಬಿಯ ಉದ್ದಕ್ಕೂ ಬಿಳಿ ಅಂಗಿಗಳು ಗಾಳಿಗೆ ಉಬ್ಬಿ ನಿಂತಿದ್ದವು. ಮೇಸ್ತ್ರಿ ಹಳೆಯ ಪದ್ಧತಿಯಂತೆ ಗಂಟಲು ಹರಿಯುವಂತೆ ಕೂಗಿದ: "ಕೇಳ್ರಪ್ಪೋ! ಯಾವೋರಾಕ್ ಕಟ್ಟಿದ ಬೊಗೊಸಾವಪ್ಪನಿಗೆ ಅಂಗಿ ಬಂತು! ಹೊಲಿದ ಕೈ ತಣ್ಣಗಿರಲಿ, ತೊಟ್ಟ ಮೈ ಗಟ್ಟಿಯಾಗಿರಲಿ!" ಅಷ್ಟೂ ಜನ ಓಗೊಟ್ಟರು. ಹೊಳೆಯಾಚೆ ದಡದವರೂ ಕೂಗಿದರು. ಹಾಲು ಕುಡಿದಷ್ಟು ಸಂತೋಷವಾಯಿತು ಅಣ್ಣಾ, ಹಾಲಲ್ಲ, ಎರಡು ಗುಟುಕು ಪ್ಲಮ್ ಸಾರಾಯಿಯನ್ನೇ ಕುಡಿದೆ. ಬಾಗಿಲ ಕಲ್ಲಿನಲ್ಲಿ ಈಗ ನಾಲ್ಕು ಹೆಸರಿವೆ. ಚರಿತ್ರೆ ಪುಸ್ತಕದ ಮೊದಲ ಹಾಳೆಯಲ್ಲಿ ಹೊಲಿಗೆಯವಳ ಚೀಟಿಯನ್ನೇ ಅಚ್ಚು ಹಾಕಿದ್ದಾರೆ.

ಅತ್ತಿಗೆಗೆ, ಮಕ್ಕಳಿಗೆ ನನ್ನ ಪ್ರೀತಿ ಹೇಳು. ದೇವರು ನಿನ್ನ ಕಾಲಿಗೆ ಬಲ ಕೊಡಲಿ, ಹಟಕ್ಕೆ ಬೇಡ.

ನಿನ್ನ ತಂಗಿ
ಕೊಸಾನಾ

ಬರೆಯಲು ಮರೆತೆ: ಉಳಿದ ಮೂವರ ಅಂಗಿಗಳನ್ನು ಅವರವರ ಮೊಮ್ಮಕ್ಕಳು ಬಿಚ್ಚಿಕೊಂಡು ಹೋದರು, ನಿನ್ನದು ಇನ್ನೂ ಕಂಬಿಯ ಮೇಲಿದೆ. ವುಕಾಶಿನ್ ಅದನ್ನು ನನಗೆ ತಂದುಕೊಡಲು ಹೋದರೆ ಮೇಸ್ತ್ರಿ ಬಿಡಲಿಲ್ಲ. "ಬದುಕಿರೋವ್ನ ಅಂಗೀನ ಅವನೇ ಬಿಚ್ಚಬೇಕು, ಅಲ್ಲೀತನಕ ಕೆಲಸ ಮುಗಿದಿಲ್ಲ" ಎಂದ. ಇಪ್ಪತ್ತೆಂಟಕ್ಕೆ ಸೇತುವೆ ತೆರೆಯಬೇಕು. ಷ್ಟುಟ್‌ಗಾರ್ಟಿನ ಬಸ್ಸು ಮಂಗಳವಾರ ಬೆಳಿಗ್ಗೆ ಇಲ್ಲಿಗೆ ಬರುತ್ತದೆ. ಎಡತೋಳನ್ನು ಎರಡು ಬೆರಳು ಗಿಡ್ಡವಾಗಿಯೇ ಹೊಲಿದಿದ್ದೇನೆ, ಅದು ಬೇರೆ ಯಾರಿಗೂ ಆಗುವುದಿಲ್ಲ.