ಗಿರಣಿಯ ಮಧ್ಯಾಹ್ನದ ಕೂಗು

ಗಿರಣಿ ಮ್ಯಾನೇಜರ್ ಸಾಹೇಬ್ರಿಗೆ ಕಿಕ್ಕೇರಿ ನಿಂಗರಾಜು ಮಾಡೋ ನಮಸ್ಕಾರ.

ನಿಂತ್ಕೊಂಡು ಬರೆಯಕ್ಕಾಗಲ್ಲ, ಅದಕ್ಕೆ ಈ ಕಾಗದಾನ ಫೋನಲ್ಲಿ ಮಾತಾಡಿ ಕಳಿಸ್ತಾ ಇವ್ನಿ. ನಮ್ಮಪ್ಪ ಕೆಲಸಕ್ಕೆ ಸೇರಿದಾಗ ಅದು ಸರ್ಕಾರದ್ದೇ ನೂಲಿನ ಗಿರಣಿ. ಆಮೇಲೆ ನಷ್ಟ ಅಂದ್ರು, ಗುತ್ತಿಗೆ ಕೊಟ್ರು, ಬೀಗ ಹಾಕಿದ್ರು. ಬೀಗ ಬಿದ್ದ ಮೇಲೂ ವಾಚ್‌ಮನ್ನು ಊರಿನೋರಿಗೋಸ್ಕರ ಮಧ್ಯಾಹ್ನದ ಸೈರನ್ ಕೂಗಿಸ್ತಿದ್ದ. ಮೊನ್ನೆಯಿಂದ ನೀವು ನಿಲ್ಲಿಸ್ಬುಟ್ರಿ. ನಾಳೆ ಗುಜರಿಯೋರು ಅದನ್ನೂ ಬಿಚ್ಕೊಂಡು ಹೋಗ್ತಾರಂತೆ. ಹೋಗ್ಲಿ ಬುಡಿ, ಕೇಳಕ್ಕೆ ನಾನ್ಯಾರು.

ಅಪ್ಪ ತೀರ್ಕೊಂಡಿದ್ದು ನಮ್ಮವ್ವಂಗೆ ಮರ್ತೋಗ್ಬುಟ್ಟದೆ ಸಾಮಿ. ಕೂಗು ಕೇಳಿದ ಮೇಲೇ ಉಣ್ಣೋದು, ಗಂಡ ಬತ್ತಾವ್ನೆ ಅಂತ. ಮೊನ್ನೆಯಿಂದ ಒಂದು ತುತ್ತೂ ಮುಟ್ಟಿಲ್ಲ. ಫೋನಲ್ಲಿ ಸೈರನ್ ಕೇಳಿಸ್ದೆ. "ಯಾರ್ನ ಯಾಮಾರಿಸ್ತೀಯಲಾ? ಅದು ಆಂಬುಲೆನ್ಸು ಕಣ್ಲಾ" ಅಂದ್ಲು. ಇಂಗೇ ಆದ್ರೆ ಜೀವ ಉಳಿಯಲ್ಲ ಅಂತಾವ್ರೆ ಡಾಕ್ಟ್ರು.

ಬಿಚ್ಚಕ್ಕೆ ಮುಂಚೆ ಒಂದೇ ಒಂದ್ಸಲ ಕೂಗಿಸಿ, ನಿಮ್ಮ ಕಾಲಿಗೆ ಬೀಳ್ತೀನಿ. ಕರೆಂಟು ಇಲ್ದಿದ್ರೆ ಜನರೇಟರ್ ನಾನೇ ತತ್ತೀನಿ. ನಾಳೆಯಿಂದ ಏನು ಮಾಡ್ತೀಯ ಅಂತ ಮಾತ್ರ ಕೇಳ್ಬೇಡಿ.

ಅವ್ವ ಎರಡು ತಟ್ಟೆ ಹಾಕ್ಕೊಂಡು ಕುಂತವ್ಳೆ. ನಾನು ದಿನಾ ನಿಲ್ಲೋ ಹಂಗೆ, ಅಪ್ಪನ ಖಾಕಿ ಅಂಗಿ ಹಾಕ್ಕೊಂಡು ಬಾಗ್ಲಾಚೆ ನಿಂತಿವ್ನಿ. ಕೂಗಿದ ಮೇಲೇ ನಾನು ಒಳಕ್ಕೆ ಹೋಗಕ್ಕಾಗೋದು.

ನಿಮ್ಮನ್ನೇ ನಂಬ್ಕೊಂಡಿರೋ,
ಸ್ಪಿನ್ನಿಂಗ್ ಚಿಕ್ಕಸ್ವಾಮಿ ಮಗ ನಿಂಗರಾಜು