ಮಬ್ರೂಕಾ ಅತ್ತದ್ದು ನಿಜವೇ?

ಸ್ಫಾಕ್ಸ್, ಏಪ್ರಿಲ್ 17, ಗುರುವಾರ

ಕಾಲೇಜುಗಳ ಟಿವಿ ವರದಿ ಸ್ಪರ್ಧೆಯಲ್ಲಿ ಗೊಫ್ರಾನ್ ಗೆದ್ದಳು, ನಾನು ಎರಡನೆಯವಳು. ಅವಳ ವರದಿಯಲ್ಲಿ ಮೀನು ಮಾರುವ ಮಬ್ರೂಕಾ, ಸಮುದ್ರದಲ್ಲಿ ಕಾಣೆಯಾದ ಮಗನನ್ನು ನೆನೆದು ಅಳುತ್ತಾಳೆ. ಕ್ಯಾಮೆರಾ ಮುಂದೆ ಅಷ್ಟು ಸರಿಯಾದ ಹೊತ್ತಿಗೆ ಕಣ್ಣೀರು ಬರುತ್ತದೆಯೇ? ನಂಬಿಕೆಯಾಗಲಿಲ್ಲ. ತೀರ್ಪುಗಾರರಿಗೆ ದೂರು ಕೊಡುವ ಮೊದಲು, ಮಬ್ರೂಕಾಳನ್ನೇ ಕೇಳೋಣವೆಂದು ಸಂಜೆ ಮೀನು ಮಾರುಕಟ್ಟೆಗೆ ಹೋದೆ.

“ಚಿಕ್ಕಮ್ಮ, ಅಳೋಕೆ ಗೊಫ್ರಾನೇ ಹೇಳಿಕೊಟ್ಟಳಾ?”

“ಇಲ್ಲ ಕಣೇ ಮಗಳೇ. ಮಗ ಹೋದ ಕಥೇನ ಮೂರು ಸಲ ಹೇಳಿಸಿದ್ಲು. ಎರಡು ಸಲ ತಡ್ಕೊಂಡೆ, ಮೂರನೇ ಸಲ ಆಗ್ಲಿಲ್ಲ.”

ನನಗೆ ಅದೂ ಸಾಲಲಿಲ್ಲ. “ಅವನು ಹೋದ ದಿನ ಏನಾಯ್ತು, ಸರಿಯಾಗಿ ಹೇಳಿ,” ಎಂದೆ. ಹೇಳಿದಳು. ಅರ್ಧದಲ್ಲೇ ಕಣ್ಣೀರು ಬಂತು. ತಲೆವಸ್ತ್ರದ ಅಂಚಿನಿಂದ ಕಣ್ಣೊತ್ತಿಕೊಂಡು ಮತ್ತೆ ಮೀನು ತೂಗತೊಡಗಿದಳು.

ದೂರು ಬರೆಯಲಿಲ್ಲ. ಗೊಫ್ರಾನ್‌ಗಾದರೂ ಒಂದು ವರದಿ ಬೇಕಿತ್ತು. ನಾಲ್ಕನೇ ಸಲ ಹೇಳಿಸಿದ ನನಗೆ ಬೇಕಿದ್ದುದು ಅವಳದೊಂದು ತಪ್ಪು ಮಾತ್ರ.